ನಾನು ಹಾಸಿಗೆ ಹಿಡಿದದ್ದು

ಮನುಷ್ಯನಿಗೆ ಮನೆ ಯಾಕೆ ಬೇಕು? ಮಳೆ ಬಿಸಿಲಿನಿಂದ ಕಾಪಾಡಿಕೊಳ್ಳಲಿಕ್ಕೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಶುದ್ಧ ಸುಳ್ಳು. ಮಳೆ ಬಂದರೆ ಬಸ್ ಸ್ಟ್ಯಾಂಡ್ ಉಂಟು, ಬಿಸಿಲಿಗೆ ಮರದ ಬುಡ ಉಂಟು, ಹಸಿವಿಗೆ ಹೋಟೆಲು ಉಂಟು, ಸ್ನಾನಕ್ಕೆ ಇಡೀ ನೇತ್ರಾವತಿಯೇ ಉಂಟು. ಮನುಷ್ಯನಿಗೆ ಮನೆ ಬೇಕಾಗುವುದು ಒಂದೇ ಒಂದು ಕಾರಣಕ್ಕೆ, ಹಾಸಿಗೆ ಒಣಗಿಸಲಿಕ್ಕೆ. ಇದನ್ನು ಯಾರೋ ಹೇಳಿ ನಾನು ಕಲಿತದ್ದಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕೆಲವು ವರ್ಷ ನಾನು ವ್ಯಾನಿನೊಳಗೆ ಸಂಸಾರ ಮಾಡಿದವ. ಸಂಸಾರ ಎಂದರೆ ಗಾಬರಿಯಾಗಬೇಡಿ. ನಾನು, ಡ್ರೈವರ್ ತನಿಯಪ್ಪಣ್ಣ ಮತ್ತು ನನ್ನ ಅಪ್ಪನಿಂದ ಬಂದ ಒಂದು ಹತ್ತಿಯ ಹಾಸಿಗೆ, ಅಷ್ಟೇ.

ನಾನಿದ್ದದ್ದು ಬಟ್ಟೆ ಸಾಬೂನಿನ ಒಂದು ಕಂಪೆನಿಯ ಪ್ರಚಾರದ ಕೆಲಸದಲ್ಲಿ. ಕಂಪೆನಿ ಮುಳುಗಿ ಎಷ್ಟೋ ಕಾಲವಾಯಿತು, ಹೆಸರು ಹೇಳಿ ಅದನ್ನು ಇನ್ನಷ್ಟು ಮುಳುಗಿಸುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಎಂದು ಊರೂರು ಸುತ್ತಿ, ಹಗಲು ಸಾಬೂನು ಮಾರಿ, ಸಂಜೆ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ಬಿಳಿ ಬಟ್ಟೆಯ ಮಹಿಮೆಯ ಸಿನೆಮಾ ತೋರಿಸಬೇಕು. ವ್ಯಾನಿನಲ್ಲಿ ಸಾಮಾನು ಬಿಟ್ಟು ಲಾಡ್ಜಿಗೆ ಹೋಗಬಾರದೆಂದು ಕಂಪೆನಿಯ ಕಟ್ಟಪ್ಪಣೆ. ಹಾಗಾಗಿ ತನಿಯಪ್ಪಣ್ಣ ಎದುರಿನ ಸೀಟಿನಲ್ಲಿ, ನಾನು ಹಿಂದೆ ಸಾಬೂನಿನ ಪೆಟ್ಟಿಗೆಗಳ ಮೇಲೆ. ಅದೇ ಪೆಟ್ಟಿಗೆ ಹಗಲಿಗೆ ಅಂಗಡಿ. ಬೆಳಿಗ್ಗೆ ಗಿರಾಕಿ ಬರುವ ಮೊದಲು ಹಾಸಿಗೆ ಸುತ್ತಿ, ಹೊದಿಕೆ ಮಡಚಿ, ತಲೆದಿಂಬನ್ನು ಪ್ರೊಜೆಕ್ಟರಿನ ಹಿಂದೆ ಅಡಗಿಸಿ ಇಡದಿದ್ದರೆ ವ್ಯಾಪಾರವೇ ಇಲ್ಲ. ಒಮ್ಮೆ ಬೆಳ್ತಂಗಡಿಯಲ್ಲಿ ಎಚ್ಚರವಾಗುವುದು ತಡವಾಗಿ, ಅರ್ಧ ಮಡಚಿದ ನನ್ನ ಹೊದಿಕೆ ಹೊರಗೆ ನೇತಾಡುತ್ತಿತ್ತು. ಒಬ್ಬ ಅಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದನ್ನು ಒಗೆಯುವ ಸಾಬೂನು ನಿಮ್ಮಲ್ಲಿ ಇಲ್ಲವಾ ಮಾರಾಯ್ರೇ?" ಎಂದು ಕೇಳಿ, ಏನನ್ನೂ ಕೊಳ್ಳದೆ ಹೋದರು.

ಅಮ್ಮನಿಗೆ ಏನು ಗೊತ್ತು! ಸಾಬೂನಿಗೇನು ಬರಗಾಲ? ರಾಶಿ ಬಿದ್ದಿತ್ತು. ಸಾಬೂನಿನ ಪುಡಿ ಹಾಸಿಗೆಯೊಳಗೆ ಎಷ್ಟು ಹೊಕ್ಕಿತ್ತೆಂದರೆ, ಜಡಿಮಳೆಗೆ ವ್ಯಾನಿನ ಮಾಡು ಸೋರಿದ ದಿನ ಬೆಳಿಗ್ಗೆ ನನ್ನ ಕಾಲಬುಡದಲ್ಲಿ ಬಿಳಿ ನೊರೆ ಎದ್ದಿರುತ್ತಿತ್ತು. ಒಗೆಯುವುದು ಕಷ್ಟವೇ ಅಲ್ಲ, ಮಲಗಿ ಹೊರಳಿದರೆ ತಾನೇ ಒಗೆದು ಹೋಗುತ್ತದೆ. ಒಣಗಬೇಕಲ್ಲ! ನಮ್ಮ ಜಿಲ್ಲೆಯ ಆಷಾಢದಲ್ಲಿ ಒಣಗುವುದು ಗಂಟಲು ಮಾತ್ರ. ಹೊದಿಕೆ ಒಂದು ಊರಲ್ಲಿ ಒಗೆದರೆ ಮೂರನೇ ಊರಲ್ಲೂ ಹಸಿ. ಹಾಸಿಗೆಯ ಮೇಲೆ ಬೂಷ್ಟು ಬಂದು ಹಸಿರು ಹಸಿರಾಗಿ, ಇನ್ನೊಂದು ವಾರ ಬಿಟ್ಟರೆ ಗದ್ದೆ ಎಂದು ಯಾರಾದರೂ ಉತ್ತಾರು ಎನ್ನುವ ಹಾಗಿರುತ್ತಿತ್ತು.

ಉಪಾಯಗಳನ್ನೇನು ನಾವು ಕಡಿಮೆ ಮಾಡಲಿಲ್ಲ. ಬೆಳ್ತಂಗಡಿಯ ಬೇಕರಿಯವರ ಕೈಕಾಲು ಹಿಡಿದು ಭಟ್ಟಿಯ ಹಿಂಬದಿಯ ಬೆಚ್ಚಗಿನ ಗೋಡೆಗೆ ತಲೆದಿಂಬು ಒರಗಿಸಿಟ್ಟೆವು. ಗರಿಗರಿಯಾಗಿ ಒಣಗಿತು. ಆದರೆ ಬನ್ನಿನ ಪರಿಮಳ ಹೊಡೆಯಲು ಶುರುವಾಗಿ, ತಾಲೂಕಿನ ಇರುವೆಗಳೆಲ್ಲ ನನ್ನ ಕಿವಿಯ ಹತ್ತಿರ ಬಿಡಾರ ಹೂಡಿದವು. ಇನ್ನೊಂದು ಉಪಾಯ ತನಿಯಪ್ಪಣ್ಣನದ್ದು: ಮಳೆ ಬಿಟ್ಟಾಗ ನನ್ನ ಬಿಳಿ ಹೊದಿಕೆಯ ಒಂದು ತುದಿಯನ್ನು ವ್ಯಾನಿನ ಕಿಟಕಿಗೆ ಕಟ್ಟಿ, ಹೊರಗೆ ಹಾರಲು ಬಿಟ್ಟು, ಗಾಡಿ ಓಡಿಸುವುದು. ಆ ಕಾಲದಲ್ಲಿ ಬಿಳಿ ಬಟ್ಟೆ ಹಾರಿಸಿಕೊಂಡು ಹೋಗುವ ಗಾಡಿ ಎಂದರೆ ಒಳಗೆ ರೋಗಿ ಇದ್ದಾನೆ ಎಂದರ್ಥ. ವೇಣೂರಿನ ದಾರಿಯಲ್ಲಿ ಬಸ್ಸುಗಳು ಬದಿಗೆ ಸರಿದವು, ಎತ್ತಿನ ಗಾಡಿಯವರು ಹಗ್ಗ ಎಳೆದು ನಿಂತರು, ಕೆಲವರು ಕೈ ಮುಗಿದರು. ತನಿಯಪ್ಪಣ್ಣನಿಗೆ ಇದು ಭಾರೀ ಖುಷಿ. "ನೋಡಿ, ಹೊದಿಕೆಯೂ ಒಣಗಿತು, ನಾವೂ ಬೇಗ ಬಂದೆವು" ಎಂದು ಹಲ್ಲು ಕಿರಿದ. ಮುಂದೆ ಇದು ನನ್ನ ಬುಡಕ್ಕೇ ಬರುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆ ಹೊತ್ತಿಗೆ ನನ್ನ ಮದುವೆಯ ಮಾತು ನಡೆಯುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡದ್ದರಿಂದ ವಿಟ್ಲದ ಸೋದರಮಾವನೇ ಓಡಾಡುತ್ತಿದ್ದರು. ಎಲ್ಲಿ ಹೋದರೂ ಹುಡುಗಿಯ ಕಡೆಯವರು "ಹುಡುಗನ ಮನೆ ಎಲ್ಲಿ?" ಎನ್ನುವವರು. "ಇವತ್ತು ಬಂಟ್ವಾಳದಲ್ಲಿ ಉಂಟು" ಎನ್ನುವರು ಮಾವ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕೊನೆಗೆ ಬೆಳುವಾಯಿಯ ಹೆಡ್ಮಾಷ್ಟ್ರೊಬ್ಬರು, ಹುಡುಗನಿಗೆ ಚಟ ಇಲ್ಲ, ಆರೋಗ್ಯ ಉಂಟು, ಮನೆ ಆಮೇಲೆ ಮಾಡಿಕೊಂಡಾನು ಎಂದು ಮನಸ್ಸು ಮಾಡಿದರು. ಅವರ ಮಗಳು ವಾರಿಜ. ಹೆಣ್ಣು ನೋಡಲು ಹೋದ ದಿನ ಅವಳು ಅವಲಕ್ಕಿಯ ತಟ್ಟೆ ಇಟ್ಟು, ತಲೆ ತಗ್ಗಿಸಿ ನಿಂತು, ಒಳಗೆ ಹೋದಳು. ನಾನು ಅಲ್ಲೇ ಢಮಾರ್! ಅವಲಕ್ಕಿಗೆ ಉಪ್ಪು ಇತ್ತೋ ಬೆಲ್ಲ ಇತ್ತೋ, ಇವತ್ತು ಕೇಳಿದರೂ ನನಗೆ ಹೇಳಲಿಕ್ಕೆ ಬಾರದು. ಇವಳಲ್ಲದೆ ಬೇರೆ ಮದುವೆಯೇ ಬೇಡ ಎಂದು ವ್ಯಾನಿಗೆ ಬಂದು ತನಿಯಪ್ಪಣ್ಣನಿಗೆ ಹೇಳಿದೆ. ಮದುವೆ ನಿಶ್ಚಯ ಮಾಡುವುದೊಂದೇ ಬಾಕಿ ಇತ್ತು.

ಹೀಗಿರುವಾಗ ಬಂಟ್ವಾಳದಲ್ಲಿ ಒಂದು ದಿನ ಮಳೆ ಬಿಟ್ಟು ಬಿಸಿಲು ಬಂತು. ಬಿಸಿಲೆಂದರೆ ಅಲ್ಲಿ ಒಂದು ತುಂಡು, ಇಲ್ಲಿ ಒಂದು ತುಂಡು. ನೆಲವೆಲ್ಲ ಕೆಸರು. ಹಾಸಿಗೆಯನ್ನು ಕೆಳಗೆ ಹಾಕುವ ಹಾಗಿಲ್ಲ. ನಾನು ಅದನ್ನು ಒಂದು ಗೋದಾಮಿನ ಹಿತ್ತಲಿಗೆ ಹೊತ್ತುಕೊಂಡು ಹೋಗಿ, ಬಿಸಿಲಿಗೆ ಎದುರಾಗಿ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಬಿಸಿಲು ಸರಿದ ಹಾಗೆ ಹಾಸಿಗೆಯೊಂದಿಗೆ ನಾನೂ ಸರಿಯಬೇಕು. ತನಿಯಪ್ಪಣ್ಣ ರಸ್ತೆಬದಿಯಲ್ಲಿ ವ್ಯಾನಿನ ಹತ್ತಿರ ಚಾ ಕುಡಿಯುತ್ತಿದ್ದ. ಅಷ್ಟು ಹೊತ್ತಿಗೆ ಸರಿಯಾಗಿ ಬೆಳುವಾಯಿಯ ಹೆಡ್ಮಾಷ್ಟ್ರು ಅಲ್ಲಿಗೆ ಬರಬೇಕೇ! ಬಂಟ್ವಾಳದ ತಂಗಿಯ ಮನೆಗೆ ಬಂದವರು, ಭಾವೀ ಅಳಿಯನನ್ನೂ ಮಾತಾಡಿಸಿ ಹೋಗುವ ಎಂದು ಬಂದದ್ದಂತೆ.

ಇಲ್ಲಿ ತನಿಯಪ್ಪಣ್ಣನ ಕನ್ನಡದ ಬಗ್ಗೆ ಎರಡು ಮಾತು. ನಾವಿಬ್ಬರೂ ಮಾತಾಡುವುದು ತುಳು. ತುಳುವಿನಲ್ಲಿ ಅವನನ್ನು ಸೋಲಿಸುವವರಿಲ್ಲ. ಆದರೆ ಮಾಷ್ಟ್ರನ್ನೋ ಪೊಲೀಸರನ್ನೋ ಕಂಡರೆ ಅವನೊಳಗಿಂದ ಒಂದು ಕನ್ನಡ ಎದ್ದು ಬರುತ್ತದೆ. ಐದನೇ ಕ್ಲಾಸಿನ ಪಾಠ ಒಪ್ಪಿಸುವ ಕನ್ನಡ, ಕೈ ಕಟ್ಟಿಕೊಂಡು ನಿಂತ ಕನ್ನಡ. ಮಾಷ್ಟ್ರು "ನಿಮ್ಮ ರಾಯರು ಎಲ್ಲಿ?" ಎಂದು ಕೇಳಿದ್ದೇ ತಡ, ಅವನು ಚಾದ ಗ್ಲಾಸು ಕೆಳಗಿಟ್ಟು, ಸೆಟೆದು ನಿಂತು, ಗಂಭೀರವಾಗಿ ಹೇಳಿದ:

"ಅವರು ಹಾಸಿಗೆ ಹಿಡಿದಿದ್ದಾರೆ ಸರ್."

"ಅಯ್ಯೋ! ಯಾವಾಗಿನಿಂದ?"

"ಈ ಸಲ ಬೆಳಿಗ್ಗೆಯಿಂದ ಸರ್. ಮಳೆಗಾಲದಲ್ಲಿ ಆಗಾಗ ಹಿಡಿಯುತ್ತಾರೆ."

"ಏನು, ತೊಂದರೆ ಎಂಥದ್ದು?"

"ಒಳಗೆ ಎಲ್ಲ ಗಂಟು ಗಂಟಾಗಿದೆ ಸರ್. ನೀರು ತುಂಬಿದೆ. ವಾಸನೆಯೂ ಉಂಟು."

"ಶಿವ ಶಿವಾ! ಡಾಕ್ಟರಿಗೆ ತೋರಿಸಿದ್ದೀರಾ?"

ದೊಡ್ಡವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ತನಿಯಪ್ಪಣ್ಣ ನಕ್ಕ. "ಡಾಕ್ಟರಿಗೆ ಯಾಕೆ ಸರ್? ಬಿಸಿಲಿಗೆ ತೋರಿಸಿ, ಕೋಲಿನಲ್ಲಿ ನಾಲ್ಕು ಬಾರಿಸಿದರೆ ಆಯಿತು."

ಕೋಲಿನ ಮಾತು ಕೇಳಿ ಮಾಷ್ಟ್ರು ದನಿ ತಗ್ಗಿಸಿದರು. "ಹಾಗಾದರೆ ಏನಾದರೂ ಗಾಳಿ ಸೋಕಿದ್ದೋ?"

"ಗಾಳಿ ಸೋಕದ್ದೇ ತೊಂದರೆ ಆದದ್ದು ಸರ್."

"ಇದು ಹಳೆಯದಾ?"

"ಅವರ ತಂದೆಯವರಿಂದ ಬಂದದ್ದು ಸರ್. ತಂದೆಯವರು ಅದರಲ್ಲಿಯೇ ತೀರಿಕೊಂಡದ್ದು." ಇಷ್ಟು ಹೇಳಿದ ತನಿಯಪ್ಪಣ್ಣ, ಬೂಷ್ಟಿನ ದೂಳು ಮೂಗಿಗೆ ಹೋಗಿದ್ದರಿಂದ ಬಲವಾಗಿ ಸೀನಿದ. "ಹತ್ತಿರ ಹೋದರೆ ಹೀಗೆ ನೋಡಿ, ನನಗೂ ಶುರುವಾಗಿದೆ."

ಮಾಷ್ಟ್ರು ನಾಲ್ಕು ಹೆಜ್ಜೆ ಹಿಂದೆ ಸರಿದು ಮೂಗಿಗೆ ಕರ್ಚೀಫು ಹಿಡಿದರು. "ಇನ್ನು ಎಷ್ಟು ಸಮಯ ಅಂತ?"

"ಹೆಚ್ಚೆಂದರೆ ಈ ಮಳೆಗಾಲ ದಾಟೀತು ಸರ್" ಎಂದ ತನಿಯಪ್ಪಣ್ಣ. ಮಾಷ್ಟ್ರು ಮತ್ತೆ ಅಲ್ಲಿ ನಿಲ್ಲಲಿಲ್ಲ. ಸಿಕ್ಕಿದ ಬಸ್ಸು ಹತ್ತಿದರು.

"ನಿಮ್ಮ ಮಾವನವರು ಬಂದಿದ್ದರು, ಹಾಸಿಗೆಯ ಮೇಲೆ ಎಷ್ಟು ಕಾಳಜಿ ಅವರಿಗೆ!" ಎಂದು ಅವನು ಬಂದು ಹೇಳಿದಾಗ ನನಗೆ ಸಂತೋಷವೇ ಆಯಿತು. ಬೆಳುವಾಯಿಯಲ್ಲಿ ಮಾತ್ರ ಮನೆಯೇ ಮುಳುಗಿತ್ತು. ಮಾಷ್ಟ್ರು ಸುದ್ದಿ ಹೇಳುವಾಗ ಅವರ ಶಾಲೆಯ ಜವಾನ ಬೇರೆ, "ಹೌದು ಸರ್, ವೇಣೂರಿನಲ್ಲಿ ನಾನೇ ನೋಡಿದೆ, ಬಿಳಿ ಬಟ್ಟೆ ಹಾರಿಸಿಕೊಂಡು ಹೋಗ್ತಾ ಇದ್ರು" ಎಂದು ಒಗ್ಗರಣೆ ಹಾಕಿದನಂತೆ. ಸಂಬಂಧ ಬೇಡ ಎಂದು ವಿಟ್ಲಕ್ಕೆ ಹೇಳಿ ಕಳಿಸಿದರು. ವಿಟ್ಲದ ಮಾವ ಎದ್ದೆನೋ ಬಿದ್ದೆನೋ ಎಂದು ಬೆಳ್ತಂಗಡಿಗೆ ಬಂದರು. ಕಣ್ಣಲ್ಲಿ ನೀರು, ಕೈಯಲ್ಲಿ ಒಂದು ಬ್ರೆಡ್ಡು. ಆಗೆಲ್ಲ ಬ್ರೆಡ್ಡು ಎಂದರೆ ರೋಗಿಗಳು ತಿನ್ನುವ ವಸ್ತು. ಅವರು ಬಂದಾಗ ನಾನು ಪೆಟ್ಟಿಗೆಯ ಮೇಲೆ ಕೂತು ತಟ್ಟೆ ತುಂಬ ಗೋಳಿಬಜೆ ತಿನ್ನುತ್ತಿದ್ದೆ.

"ಏನಾ ಇದು? ಈ ಸ್ಥಿತಿಯಲ್ಲಿ ಎಣ್ಣೆಯದ್ದು ತಿನ್ನುವುದಾ?" ಎಂದರು ಮಾವ.

"ಯಾವ ಸ್ಥಿತಿ ಮಾವ?"

ವಿಷಯ ಹೊರಬಿದ್ದಾಗ ನನ್ನ ಬಾಯಲ್ಲಿದ್ದ ಗೋಳಿಬಜೆ ಮೇಲೂ ಹೋಗದು, ಕೆಳಗೂ ಇಳಿಯದು. ತನಿಯಪ್ಪಣ್ಣನ ಕೊರಳಪಟ್ಟಿಗೆ ಕೈ ಹಾಕಿದೆ. ಅವನು ಕಣ್ಣು ಕಣ್ಣು ಬಿಟ್ಟ. "ನಾನು ಹೇಳಿದ್ದರಲ್ಲಿ ಸುಳ್ಳು ಯಾವುದು, ಹೇಳಿ ನೋಡುವ! ಹಿಡಿದದ್ದು ಹೌದಾ ಅಲ್ಲವಾ?" ಹೌದು. ಏನು ಮಾಡುತ್ತೀರಿ? ನನಗೆ ಅಳುವೇ ಬಂತು. ವಾರಿಜಳ ತಗ್ಗಿಸಿದ ತಲೆ, ಬಳೆಯ ಸದ್ದು, ಎಲ್ಲವನ್ನೂ ಒಂದು ಹರಕು ಹಾಸಿಗೆ ನುಂಗಿ ನೀರು ಕುಡಿಯಿತಲ್ಲ! ನಾಡಿದ್ದು ಮೂಡಬಿದಿರೆಗೆ ಹೋಗುವುದು, ಅಲ್ಲಿಂದ ಬೆಳುವಾಯಿಗೆ ನಡೆದೇ ಹೋಗಿ ಮಾಷ್ಟ್ರ ಅಂಗಳದಲ್ಲಿ ಬಸ್ಕಿ ಹೊಡೆದಾದರೂ ತೋರಿಸುವುದು ಎಂದು ತೀರ್ಮಾನಿಸಿದೆ.

ಬಸ್ಕಿ ಹೊಡೆಯುವ ಪ್ರಸಂಗ ಬರಲಿಲ್ಲ. ಮೂಡಬಿದಿರೆಯಲ್ಲಿ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಇದ್ದ ಸಿಟ್ಟನ್ನೆಲ್ಲ ಹಾಸಿಗೆಯ ಮೇಲೆ ತೀರಿಸುವ ಎಂದು ಅದನ್ನು ವ್ಯಾನಿನ ತಲೆಗೆ ಏರಿಸಿ, ಲುಂಗಿ ಎತ್ತಿ ಕಟ್ಟಿ, ದೂಳು ಹೋಗದ ಹಾಗೆ ತಲೆದಿಂಬಿನ ಚೀಲವನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿ, ಕೋಲು ಹಿಡಿದು ದನಕ್ಕೆ ಬಡಿದ ಹಾಗೆ ಬಡಿಯುತ್ತಿದ್ದೆ. ಕೆಳಗಿನಿಂದ ಯಾರೋ ಕೆಮ್ಮಿದರು. ನೋಡಿದರೆ ಮಾಷ್ಟ್ರು. ಪಕ್ಕದಲ್ಲಿ ಕೊಡೆ ಹಿಡಿದ ವಾರಿಜ.

"ನೀವು... ಎದ್ದಿದ್ದೀರಿ!" ಎಂದರು ಮಾಷ್ಟ್ರು.

"ನಾನು ಬಿದ್ದದ್ದೇ ಇಲ್ಲ ಸರ್!" ಎಂದು ಬಟ್ಟೆಯೊಳಗಿಂದಲೇ ಕೂಗಿ, ಧೊಪ್ಪನೆ ಕೆಳಗೆ ಹಾರಿದೆ. ಹಾಸಿಗೆಯ ಪುರಾಣವನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮಾಷ್ಟ್ರು ನನ್ನನ್ನು ಬಿಟ್ಟು ತನಿಯಪ್ಪಣ್ಣನ ಕಡೆಗೆ ತಿರುಗಿದರು. "ಏನಯ್ಯಾ, ದ್ವಿತೀಯಾ ವಿಭಕ್ತಿ ಎಲ್ಲಿ ಹೋಯಿತು ನಿನ್ನದು? 'ಹಾಸಿಗೆಯನ್ನು ಬಿಸಿಲಿಗೆ ಹಿಡಿದಿದ್ದಾರೆ' ಎಂದು ಹೇಳಬೇಕು. ಒಂದು 'ಅನ್ನು' ಬಿಟ್ಟರೆ ಒಂದು ಜೀವವೇ ಹೋಗ್ತದೆ, ಗೊತ್ತುಂಟಾ?" ತನಿಯಪ್ಪಣ್ಣ ಕೈ ಕಟ್ಟಿಕೊಂಡು "ಗೊತ್ತುಂಟು ಸರ್, ಇನ್ನು ಹಾಕುತ್ತೇನೆ ಸರ್" ಎಂದ.

ಅಲ್ಲಿ ವ್ಯಾಕರಣ ನಡೆಯುತ್ತಿರುವಾಗ ಇಲ್ಲಿ ವಾರಿಜ ವ್ಯಾನಿನೊಳಗೆ ಇಣುಕುತ್ತಿದ್ದಳು. ಮಡಚಿದ ಹೊದಿಕೆಯ ಅಂಚು ಎತ್ತಿ ನೋಡಿದಳು. ತಲೆದಿಂಬು ಮೂಸಿದಳು. ಬನ್ನಿನ ಪರಿಮಳ ಬಂದಿರಬೇಕು, ಹುಬ್ಬು ಏರಿತು. ಆಮೇಲೆ ಮೊದಲ ಸಲ ನನ್ನೊಡನೆ ಮಾತಾಡಿದಳು.

"ಇದನ್ನೆಲ್ಲ ಮಡಚಿ ಇಡುವುದು ಯಾರು? ಆ ಡ್ರೈವರಾ?"

"ಅವನೆಲ್ಲಿ! ನಾನೇ. ದಿನಾ ಬೆಳಿಗ್ಗೆ."

"ಒಗೆಯುವುದು?"

"ನಾನೇ."

"ಅಪ್ಪಾ, ಹೋಗುವ" ಎಂದಳು. ಕೊಡೆ ಬಿಡಿಸಿಕೊಂಡು ಹೊರಟೇಬಿಟ್ಟಳು. ನಾನು ಕೋಲು ಹಿಡಿದು ಕಂಬದ ಹಾಗೆ ನಿಂತೆ. ಸಂಜೆಯ ಬಸ್ಸಿನಲ್ಲಿ ಬಂದ ಜವಾನ, ಹುಡುಗಿ ಒಪ್ಪಿದ್ದಾಳೆ ಎಂದು ತಿಳಿಸಿದ. ನಾನೂ ತನಿಯಪ್ಪಣ್ಣನೂ ವ್ಯಾನಿನ ಸುತ್ತ ಕುಣಿದದ್ದೇ ಕುಣಿದದ್ದು! ಸಿನೆಮಾಕ್ಕೆ ಬಂದವರು ಇದೂ ಪ್ರಚಾರದ ಒಂದು ಅಂಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅವಳು ಬಂದದ್ದು ನನ್ನ ಆರೋಗ್ಯ ವಿಚಾರಿಸಲಿಕ್ಕೆ, ಒಪ್ಪಿದ್ದು ನನ್ನ ರೂಪಿಗೆ ಎಂದು ನಾನು ಬಹಳ ವರ್ಷ ಮೀಸೆ ತಿರುವುತ್ತಿದ್ದೆ.

ಮೊನ್ನೆ ಮೊನ್ನೆ ಹೊದಿಕೆಯ ಎರಡು ತುದಿ ಅವಳು, ಎರಡು ತುದಿ ನಾನು ಹಿಡಿದು ಮಡಚುವಾಗ ಹೀಗೇ ಮಾತಿಗೆ ಮಾತು ಬಂತು. "ಅಪ್ಪ ಬಂದು ಹೇಳಿದಾಗ ಮನೆಯವರೆಲ್ಲ ಅತ್ತರು, ನಾನೊಬ್ಬಳೇ ಅಡುಗೆಕೋಣೆಯಲ್ಲಿ ಬಾಯಿಗೆ ಸೆರಗು ಇಟ್ಟು ನಕ್ಕದ್ದು" ಎಂದಳು. "ಗಂಟು ಗಂಟಾಗಿದೆ, ಬಿಸಿಲಿಗೆ ತೋರಿಸಿ ಬಾರಿಸಬೇಕು ಅಂದ್ರೆ ಅದು ಹಾಸಿಗೆ ಅಂತ ನನಗೆ ಆಗಲೇ ಗೊತ್ತಾಯ್ತು. ನಮ್ಮ ಮನೆಯಲ್ಲಿ ಗಂಡಸರು ಎದ್ದು ಸೀದಾ ಹೋಗ್ತಿದ್ರು, ಅಷ್ಟೂ ಹಾಸಿಗೆ ಎತ್ತುವುದು ಅಮ್ಮ ಮತ್ತು ನಾನು. ಹಾಸಿಗೆಯನ್ನು ತಾನೇ ಬಿಸಿಲಿಗೆ ಹಿಡಿಯುವ ಗಂಡಸು ಒಬ್ಬ ಇದ್ದಾನೆ ಅಂತಾದ್ರೆ ಒಮ್ಮೆ ಕಣ್ಣಾರೆ ನೋಡುವ ಅಂತ, ವ್ಯಾನು ಮೂಡಬಿದಿರೆಗೆ ಬಂದದ್ದು ಕೇಳಿ ಅಪ್ಪನನ್ನು ಎಳೆದುಕೊಂಡು ಬಂದೆ."

"ಅಷ್ಟೇಯಾ? ಮತ್ತೆ ನನ್ನ ಮುಖ?" ಎಂದೆ.

"ಮುಖ ಎಲ್ಲಿತ್ತು? ಆ ದಿನ ಅದು ತಲೆದಿಂಬಿನ ಚೀಲದೊಳಗೆ ಇತ್ತಲ್ಲ."

"ಹೆಣ್ಣು ನೋಡಲು ಬಂದ ದಿನ ನೋಡಿದ್ದಿಯಲ್ಲ!"

"ಆವತ್ತು ನಾನು ತಲೆ ಎತ್ತಲೇ ಇಲ್ಲ" ಎಂದು ಹೊದಿಕೆಯನ್ನು ನನ್ನ ಕೈಗೆ ಹಾಕಿ ಹೋದಳು.

ಮದುವೆಯ ಮಂಟಪದಲ್ಲಿ ಪುರೋಹಿತರು ಅಂತರಪಟ ಸರಿಸಿದಾಗ ಅವಳು ನನ್ನನ್ನು ನೋಡಿ ಒಮ್ಮೆ ಬೆಚ್ಚಿಬಿದ್ದಿದ್ದಳು. ಇಷ್ಟು ವರ್ಷ ನಾನು ಅದನ್ನು ನಾಚಿಕೆ ಎಂದುಕೊಂಡಿದ್ದೆ.