ದೊಡ್ಡಮ್ಮ ಮತ್ತು ಕಡ್ಡಾಯ ಶಿಕ್ಷಣ

ನೀವು ಸ್ವಲ್ಪ ಕುಳ್ಳಗಿದ್ದರೆ ಶಾಲೆಯ ಹೊತ್ತಿನಲ್ಲಿ ನಮ್ಮ ದೊಡ್ಡಮ್ಮನ ಕಣ್ಣಿಗೆ ಬೀಳದಿರುವುದೇ ಒಳ್ಳೆಯದು! ಅವರಿಗೆ ದೇವರ ನಾಮ ಒಂದೂ ಪೂರ್ತಿ ಬರುವುದಿಲ್ಲ, ಶಿಕ್ಷಣ ಹಕ್ಕು ಕಾಯ್ದೆ ಮಾತ್ರ ಬಾಯಿಪಾಠ. ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳೆಲ್ಲ ಶಾಲೆಯಲ್ಲಿರಬೇಕು ಎಂಬ ಸಾಲು ಹೇಳುವಾಗ ಅವರ ಕಣ್ಣು ಅರ್ಧ ಮುಚ್ಚುತ್ತದೆ, ಉಳ್ಳಾಲದ ಕಡಲ ಗಾಳಿಗೆ ಮುಖ ಕೊಟ್ಟು ಕೂತವರ ಹಾಗೆ. ಸರಕಾರದ ಕಾಯ್ದೆ ಓದಿ ಕನಸು ಕಾಣುವವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಒಮ್ಮೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಪಕ್ಕದಲ್ಲಿ ಚೀಲ ಹೆಗಲಿಗೇರಿಸಿ ನಿಂತ ಸಪೂರದ ಕುಳ್ಳನ ಹತ್ತಿರ ದೊಡ್ಡಮ್ಮ ಹೋಗಿ, ಯಾವ ಕ್ಲಾಸು, ಶಾಲೆಗೆ ಯಾಕೆ ಹೋಗಲಿಲ್ಲ ಎಂದು ವಿಚಾರಿಸಿದರು. ಪಾಪ, ಅವನು ತಾನು ಮೇಷ್ಟ್ರು ಎಂದ.

"ಹಾಗಾದ್ರೆ ನೀವೂ ಶಾಲೆಯಲ್ಲಿ ಇರ್ಬೇಕಿತ್ತಲ್ಲ ಮಾರಾಯ್ರೆ, ಗಂಟೆ ಹತ್ತೂವರೆ ಆಯ್ತು."

ಮೇಷ್ಟ್ರು ಸಿಕ್ಕಿದ ಬಸ್ಸು ಹತ್ತಿ ಹೋದರು. ಅದು ಅವರ ಊರಿನ ಬಸ್ಸಾಗಿತ್ತೋ ಇಲ್ಲವೋ!

ಕಳೆದ ವರ್ಷ ಬೈಕಂಪಾಡಿಯಲ್ಲಿ ನಾನು ಕೆಲಸ ಮಾಡುವ ಗೋದಾಮಿಗೆ ದೊಡ್ಡಮ್ಮ ಬಂದಿದ್ದರು. ಅಂಗಳದಲ್ಲಿ ಉತ್ತರದ ಕಡೆಯಿಂದ ಬಂದ ಕೂಲಿಯವರ ಮಗಳು ಪೂಜಾ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಒಂಬತ್ತು ವರ್ಷ, ಶಾಲೆಯ ಮುಖ ನೋಡಿದವಳಲ್ಲ. ದೊಡ್ಡಮ್ಮ ಅವಳ ತಾಯಿಯನ್ನು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಒಪ್ಪಿಸಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು, ಮರುದಿನವೇ ಪೂಜಾಳನ್ನು ಸರಕಾರಿ ಶಾಲೆಗೆ ಕರೆದುಕೊಂಡು ಹೋದರು. ಜೊತೆಗೆ ನಾನು.

ಜನನ ಪತ್ರ ಇಲ್ಲ, ವರ್ಷದ ಮಧ್ಯ ಬೇರೆ, ಹೇಗೆ ಸೇರಿಸುವುದು ಎಂದರು ಹೆಡ್ಮಾಸ್ಟರು. ದೊಡ್ಡಮ್ಮ ಚೀಲದಿಂದ ಕಾಯ್ದೆಯ ಮಾಸಿದ ಪುಸ್ತಕ ತೆಗೆದು ಸಾಲಿನ ಮೇಲೆ ಬೆರಳಿಟ್ಟು ಓದಿದರು. ದಾಖಲೆ ಇಲ್ಲವೆಂದು ಮಗುವನ್ನು ಹಿಂದೆ ಕಳಿಸುವ ಹಾಗಿಲ್ಲ. ಪ್ರಾಯಕ್ಕೆ ಸರಿಯಾದ ತರಗತಿ ಕೊಡಬೇಕು. ಅಕ್ಷರ ಬಾರದಿದ್ದರೆ ಬೇರೆಯಾಗಿ ಕಲಿಸಬೇಕು. ಹೆಡ್ಮಾಸ್ಟರು ನಗುತ್ತ ರಿಜಿಸ್ಟರ್ ತೆರೆದರು.

"ಅಮ್ಮ, ನೀವು ಯಾವ ಶಾಲೆಯಲ್ಲಿ ಟೀಚರ್ ಆಗಿದ್ದದ್ದು?"

ದೊಡ್ಡಮ್ಮ ಪುಸ್ತಕ ಮಡಚಿದರು.

"ನಾನು ಮೂರನೇ ಕ್ಲಾಸು. ಮತ್ತೆ ಬೀಡಿ ಕಟ್ಲಿಕ್ಕೆ ಕೂರಿಸಿದ್ರು. ಆಗ ಕೇಳುವ ಕಾನೂನು ಇರ್ಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ನನಗೂ ಅದು ಗೊತ್ತಿರಲಿಲ್ಲ.

ಪೂಜಾ ದೊಡ್ಡಮ್ಮನ ಸೆರಗು ಬಿಡಲಿಲ್ಲ. ಹಾಗಾಗಿ ಅವರೂ ತರಗತಿಯೊಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಟೀಚರು ಹಾಜರಿ ಕರೆಯುತ್ತ ಹೊಸ ಹೆಸರಿಗೆ ಬಂದರು. ಹುಡುಗಿಗೆ ಎಂತ ಹೇಳುವುದೆಂದು ತಿಳಿಯಲಿಲ್ಲ. ದೊಡ್ಡಮ್ಮ ಕಿವಿಯಲ್ಲಿ ಹೇಳಿಕೊಟ್ಟರು. "ಹಾಜರ್" ಎಂದಳು.

ಟೀಚರು ಪುಸ್ತಕ ಮುಚ್ಚಿದರು. ಕಿಟಕಿಯ ಹೊರಗೆ ನಿಂತಿದ್ದೆ ನಾನು. ದೊಡ್ಡಮ್ಮನ ತುಟಿ ಇನ್ನೊಮ್ಮೆ, ಸದ್ದಿಲ್ಲದೆ ಅಲುಗಿತು: ಹಾಜರ್.