ನಾಯಿಯ ಪಾಲಿನ ಹುರುಳಿ

ನಾನು ಅನುಮಾನದ ಮನುಷ್ಯ. ನನ್ನ ಹೆಂಡತಿ ಹೇಳುವ ಮೊದಲೇ ಇದನ್ನು ನಾನೇ ಒಪ್ಪಿಕೊಂಡುಬಿಡುವುದು ಕ್ಷೇಮ. ಹಾಲಿನವಳ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವನು. ಕಂಡಕ್ಟರು ‘ಮಂಡ್ಯ, ಮಂಡ್ಯ’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೂ ಒಳಗೆ ಕೂತ ಇಬ್ಬರನ್ನು ‘ಇದು ಮಂಡ್ಯಕ್ಕೆ ತಾನೆ?’ ಎಂದು ಕೇಳಿಯೇ ಹತ್ತುವವನು. ಮದ್ದೂರಿನ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷ ಜನರ ಅರ್ಜಿಗಳನ್ನು ಪರಿಶೀಲಿಸುತ್ತಿದ್ದ ಗುಮಾಸ್ತ ನಾನು. ಸತ್ತವನ ಹೆಬ್ಬೆಟ್ಟು, ಬದುಕಿರುವವನ ಮರಣಪತ್ರ ಎರಡನ್ನೂ ಕಂಡ ಕಣ್ಣು ಇದು. ಎದುರಿಗಿದ್ದವನು ನಕ್ಕರೆ ಯಾಕೆ ನಕ್ಕ ಎಂದು ಯೋಚಿಸುವುದು ಸಂಬಳದ ಜೊತೆಗೇ ಬಂದ ಅಭ್ಯಾಸ. ಇಷ್ಟೆಲ್ಲ ಇದ್ದೂ ಎಪ್ಪತ್ತರ ದಶಕದಲ್ಲಿ, ಒಂದು ಬೀದಿನಾಯಿಯ ಊಟದ ವಿಷಯದಲ್ಲಿ ನಾನು ಬೇಸ್ತು ಬಿದ್ದೆ.

ಆಗ ಸಕ್ಕರೆಗೂ ಸೀಮೆಎಣ್ಣೆಗೂ ರೇಷನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದ ಕಾಲ. ಹಾಗೆ ನಿಂತಿದ್ದಾಗಲೇ ಒಂದು ದಿನ ತಲೆ ಸುತ್ತಿ ಬಿದ್ದೆ. ಮಂಡ್ಯದ ಡಾಕ್ಟರು ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಅಂದರು. ಅಂಗಡಿಯಲ್ಲೇ ಇಲ್ಲದ ಸಕ್ಕರೆ ನನ್ನ ಮೈಯಲ್ಲಿ ಎಲ್ಲಿಂದ ಬಂತು ಎಂದು ಅಲ್ಲೇ ಅನುಮಾನ ಹುಟ್ಟಿತು. ಅನ್ನ ಕಡಿಮೆ ಮಾಡಿ, ಉಪ್ಪು ಇಳಿಸಿ, ಡಾಲ್ಡಾ ಮುಟ್ಟಬೇಡಿ, ಸಂಜೆಯ ವಡೆ ಬಿಡಿ ಎಂದು ಒಂದು ಚೀಟಿ ತುಂಬ ಬರೆದುಕೊಟ್ಟರು. ಈತ ಎಲ್ಲರಿಗೂ ಇದನ್ನೇ ಬರೆಯುತ್ತಾನೆ ಅಂದುಕೊಂಡು ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿದವನು ಮತ್ತೆ ಅದರ ಮುಖ ನೋಡಲಿಲ್ಲ. ಬರುವಾಗ ಬಸ್‌ಸ್ಟಾಂಡಿನಲ್ಲಿ ಎರಡು ವಡೆ ತಿಂದೇ ಮನೆಗೆ ಬಂದೆ.

ನನ್ನ ಹೆಂಡತಿ ಸಾವಿತ್ರಿ ಮಳವಳ್ಳಿಯವಳು. ಅವಳ ತಂದೆ ಇದೇ ಕಾಯಿಲೆಯಲ್ಲಿ ಮೊದಲು ಕಾಲು ಕಳೆದುಕೊಂಡು, ಆಮೇಲೆ ಹೋಗಿಬಿಟ್ಟಿದ್ದರು. ಹಾಗಾಗಿ ಮಾರನೆಯ ದಿನವೇ ನನ್ನ ತಟ್ಟೆಗೆ ರಾಗಿಮುದ್ದೆ, ಸಪ್ಪೆ ಪಲ್ಯ ಬಂದವು. ನಾನೇನು ಆಸ್ಪತ್ರೆಯಲ್ಲಿದ್ದೀನಾ ಎಂದು ತಟ್ಟೆ ತಳ್ಳಿದೆ. ಮೂರು ದಿನ ಇದೇ ರಾದ್ಧಾಂತ. ಮೂರನೆಯ ದಿನ ಅವಳು ಕಣ್ಣೊರೆಸಿಕೊಂಡು, “ನಮ್ಮಪ್ಪನೂ ಹೀಗೇ ಹಟ ಮಾಡಿದ್ದು. ನಿಮಗೂ ಹಾಗಾದರೆ ನಾನೇನು ಮಾಡಲಿ?” ಅಂದಳು. ನನಗೂ ಒಳಗೆ ಹೆದರಿಕೆಯೇ. ಆದರೆ ಹೆದರಿದೆ ಎಂದು ತೋರಿಸಿಕೊಂಡರೆ ಡಾಕ್ಟರು ಗೆದ್ದಂತಾಗುತ್ತಲ್ಲ. ನಾಲ್ಕನೆಯ ದಿನ ಅವಳು ತೆಪ್ಪಗೆ ಅನ್ನ ಬಡಿಸಿದಳು. ಲೋಕದಲ್ಲಿ ಎಲ್ಲವನ್ನೂ ಅನುಮಾನಿಸುವ ನಾನು, ಹೆಂಡತಿ ಸುಮ್ಮನಾದದ್ದನ್ನು ಮಾತ್ರ ಅನುಮಾನಿಸಲಿಲ್ಲ.

ಅದಾಗಿ ಒಂದು ವಾರಕ್ಕೆ ಬೊಗ್ಗನಿಗೆ ಕಾಯಿಲೆ ಬಂತು. ಬೊಗ್ಗ ಅಂದರೆ ನಮ್ಮ ಜಗಲಿಯ ಮೇಲೆ ತಾನಾಗಿಯೇ ಬಂದು ಠಿಕಾಣಿ ಹೂಡಿದ್ದ ಕಂದು ನಾಯಿ. ಕೂದಲು ಉದುರುತ್ತಿದೆ, ಮಂಕಾಗಿದೆ ಎಂದು ಸಾವಿತ್ರಿ ಹೇಳಿದಳು. ನನಗೆ ಅಂಥದ್ದೇನೂ ಕಾಣಲಿಲ್ಲ. ಅವಳು, ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ, ಪಥ್ಯ ಬರೆದುಕೊಟ್ಟಿದ್ದಾರೆ ಎಂದು ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದಳು. ಚೀಟಿಯ ತಲೆ ಹರಿದಿತ್ತು, ಗೀಚಿದ್ದು ಓದುವಂತಿರಲಿಲ್ಲ. ಅಂಥ ಕಾಗದ ಕಚೇರಿಗೆ ಬಂದಿದ್ದರೆ ಅರ್ಜಿದಾರನನ್ನು ಮೂರು ಸಲ ಅಲೆಸುತ್ತಿದ್ದೆ. ನಾಯಿಯ ಕಾಗದ ತಾನೆ ಎಂದು ಬಿಟ್ಟುಬಿಟ್ಟೆ.

ಪಕ್ಕದ ಮನೆಯ ಕೆಂಪಮ್ಮ ಜೋಡಿ ಎತ್ತು ಕಟ್ಟಿದ ರೈತರ ಮನೆಯ ಯಜಮಾನಿ. ಕಾಂಪೌಂಡಿನ ಆಚೆಯಿಂದಲೇ ಸಲಹೆ ಕೊಟ್ಟಳು: “ಉಳ್ಳಿ ಬೇಯ್ಸಿ ಆಕಿ ಕಣಮ್ಮ. ಬಿದ್ದೋಗಿರೋ ಎತ್ತೇ ಎದ್ದು ನಿಂತ್ಕತದೆ, ಇದ್ಯಾವ್ ಮಹಾ ನಾಯಿ. ಉಪ್ಪು, ಈರುಳ್ಳಿ ಮಾತ್ರ ಮುಟ್ಟುಸ್ಬ್ಯಾಡಿ.” ಅಂದಿನಿಂದ ನಮ್ಮ ಒಲೆಯ ಮೇಲೆ ನಾಯಿಯ ಪಾತ್ರೆ ಏರಿತು. ಅವಳು ಉಳ್ಳಿ ಅಂದ ಹುರುಳಿ, ಒಂದು ಹಿಡಿ ರಾಗಿ ನುಚ್ಚು, ಕುಂಬಳಕಾಯಿ ಹೋಳು, ಹಿತ್ತಲಿನ ನುಗ್ಗೆಸೊಪ್ಪು. ಖರ್ಚು ಅಂತ ಹೇಳುವಂಥದ್ದೇನೂ ಇಲ್ಲ. ಘಮ ಮಾತ್ರ ಬೀದಿ ಬಾಗಿಲಿಗೆ ಬರುತ್ತಿತ್ತು.

ನಮ್ಮ ಕಡೆ ಎತ್ತಿಗೆ ಹುರುಳಿ ಬೇಯಿಸಿದರೆ ಕಾಳು ಕೊಟ್ಟಿಗೆಗೆ ಹೋಗುತ್ತದೆ, ಬಸಿದ ಕಟ್ಟು ಮನೆಯವರಿಗೆ ಸಾರಾಗುತ್ತದೆ. ತಲೆತಲಾಂತರದ ಪದ್ಧತಿ, ಯಾರೂ ಬೇಸರಪಟ್ಟುಕೊಂಡಿಲ್ಲ. ಎತ್ತು ನೇಗಿಲು ಎಳೆಯುತ್ತದೆ, ಕಾಳು ಅದಕ್ಕೆ ಸೇರಬೇಕಾದದ್ದೇ. ಸಾವಿತ್ರಿಯೂ ಕಾಳಿನ ಭಾಗವನ್ನು ಬೊಗ್ಗನ ಪಾತ್ರೆಗೆ ಹಾಕಿ, ಕಟ್ಟಿನ ಸಾರನ್ನು ನನಗೆ ಬಡಿಸತೊಡಗಿದಳು. ಅಲ್ಲಾ, ಈ ಬೊಗ್ಗ ಯಾವ ಗದ್ದೆ ಉತ್ತಿದ್ದಾನೆ? ಕಾಳು ನಾಯಿಗೆ, ನೀರು ಯಜಮಾನನಿಗೆ! ಸಾಲದ್ದಕ್ಕೆ ರೇಷನ್ ಅಕ್ಕಿ ಸಾಲುತ್ತಿಲ್ಲ ಎಂದು ನನ್ನ ಅನ್ನ ದಿನೇದಿನೇ ಸಣ್ಣದಾಗುತ್ತಿತ್ತು. ನಾಯಿಯ ಮೈ ಮಿರಿಮಿರಿ ಮಿಂಚುತ್ತಿತ್ತು. ಒಂದು ಸೌಟು ನನಗೂ ಹಾಕು ನೋಡೋಣ ಅಂದರೆ, “ಅದು ನಾಯಿದು, ನಿಮಗೆ ಅನ್ನ ಇದೆಯಲ್ಲ” ಎಂದು ಮುಚ್ಚಳ ಮುಚ್ಚುತ್ತಿದ್ದಳು.

ಮುಚ್ಚಳ ಮುಚ್ಚಿದ ಮೇಲೆ ನನಗೆ ತಡೆಯಲಾಗುತ್ತದೆಯೇ? ಒಂದು ಸಂಜೆ ಅವಳು ಹೂ ತರಲು ಹೋದಾಗ ಸೌಟು ಹಾಕಿ ರುಚಿ ನೋಡಿದೆ. ಸಪ್ಪೆಯಾದರೂ ಕುಂಬಳದ ಸಿಹಿ, ಹುರುಳಿಯ ಮಣ್ಣುವಾಸನೆ, ಬಹಳ ಚೆನ್ನಾಗಿತ್ತು. ಮರುದಿನ ಎರಡು ಸೌಟು. ಬಾಗಿಲಲ್ಲಿ ಕೂತ ಬೊಗ್ಗ ನಾನು ಅರ್ಜಿದಾರರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದ. ವಾರದೊಳಗೆ ಕಳ್ಳತನ ಸಾಕಾಗಿ, ನೇರವಾಗಿ ಜಗಳಕ್ಕೇ ನಿಂತೆ. ಈ ಮನೆಯಲ್ಲಿ ನಾಯಿಗೆ ಏನು ಮಾಡುತ್ತೀಯೋ ಅದನ್ನೇ ನನಗೂ ಬಡಿಸಬೇಕು, ಒಂದು ಕಾಳು ಕಡಿಮೆಯಾಗಕೂಡದು ಅಂದೆ. ಅವಳು ಒಂದಿಷ್ಟು ವಾದ ಮಾಡಿ, ಸೋತು, ಒಲೆಯ ಕಡೆ ಮುಖ ತಿರುಗಿಸಿಕೊಂಡಳು. ಭುಜ ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾಳೆ ಅಂದುಕೊಂಡೆ. ಗೆದ್ದ ಸಂತೋಷದಲ್ಲಿ ಎರಡು ತಿಂಗಳು ನಾಯಿಯ ಊಟವನ್ನೇ ಉಂಡೆ.

ಆಮೇಲೆ ಮಂಡ್ಯಕ್ಕೆ ಹೋದೆ, ನನಗೆ ಕಾಯಿಲೆಯೇ ಇರಲಿಲ್ಲ ಎಂದು ಡಾಕ್ಟರ ಮುಖಕ್ಕೆ ಹೇಳಿಬರಲು. ಅವರು ಪರೀಕ್ಷೆಯ ಕಾಗದ ನೋಡಿ, ಸಕ್ಕರೆ ಚೆನ್ನಾಗಿ ಇಳಿದಿದೆ ಎಂದು ಬೆನ್ನು ತಟ್ಟಿದರು. ನಾನು ಬರೆದುಕೊಟ್ಟ ಚೀಟಿಯಂತೆಯೇ ನಡೆದಿದ್ದೀರಿ, ನಿಮ್ಮಂಥ ರೋಗಿಗಳು ಅಪರೂಪ ಎಂದರು. ‘ಇದನ್ನೂ ಸೇರಿಸಿಕೊಳ್ಳಿ’ ಎಂದು ಮತ್ತೊಂದು ಚೀಟಿ ಬರೆದರು. ಬಸ್ಸಿನಲ್ಲಿ ಅದನ್ನು ಬಿಡಿಸಿ ನೋಡುತ್ತೇನೆ, ಕೊಂಬಿಗೆ ಅಷ್ಟುದ್ದ ಬಾಲ ಎಳೆಯುವ ಈ ಕೈಬರಹವನ್ನು ದಿನಾ ಎರಡು ಹೊತ್ತು ನೋಡುತ್ತಿದ್ದೇನಲ್ಲ! ನಮ್ಮ ಅಡುಗೆಮನೆಯ ಗೋಡೆಯ ಮೇಲೆ.

ಆದರೂ ಒಂದೇ ಸಾಕ್ಷಿ ನಂಬುವ ಜಾತಿ ನನ್ನದಲ್ಲ. ಮನೆಗೆ ಹೋಗುವ ಮೊದಲು ಕೆಂಪಮ್ಮನ ಬಾಗಿಲಲ್ಲಿ ನಿಂತು, ನಮ್ಮ ನಾಯಿಯನ್ನು ದನದ ಡಾಕ್ಟರಿಗೆ ತೋರಿಸಿದ್ದು ನಿಜವೇ ಎಂದು ವಿಚಾರಿಸಿದೆ. ಅವಳು ಎತ್ತಿನ ಕಲಗಚ್ಚು ಕಲಸುತ್ತಲೇ ಅಂದಳು: “ಆ ನಾಯ್ಗೇನ್ ರೋಗ ಬುಡಿ ಸ್ವಾಮಿ. ಭಾನ್ವಾರ ಭಾನ್ವಾರ ನಮ್ಮನೆ ಮೂಳೆ ಕಡ್ಕಂಡು ಗುಂಡ್ಕಲ್ಲಂಗದೆ. ರೋಗ ನಿಮ್ಗೆ ಅಂತ ಆವಮ್ಮ ಇಲ್ಲೇ ಕುಂತ್ಕಂಡು ಅಳ್ತಿತ್ತು.”

ಈ ಸಿಡುಕನಿಗಾಗಿ ಅವಳು ಪಕ್ಕದ ಮನೆಯಲ್ಲಿ ಕೂತು ಅತ್ತಿದ್ದಾಳೆ, ನಾನು ಅವಳ ಎದುರು ಕಾಳು ಎಣಿಸಿದ್ದೇನೆ. ಮಾಂಸ ಸೇರದ ನಮ್ಮ ಮನೆಯ ನಾಯಿಯ ಭಾನುವಾರದ ಗುಟ್ಟಿನ ಬಗ್ಗೆ ಸಿಟ್ಟು ಮಾಡಿಕೊಳ್ಳುವುದೂ ಮರೆತುಹೋಯಿತು.

ಊಟಕ್ಕೆ ಕೂತಾಗ, ಸೋತೆ ಎಂದು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಸುತ್ತಿ ಬಳಸಿ, ಬೊಗ್ಗನಿಗೆ ಗುಣವಾಯಿತಲ್ಲ, ಇನ್ನು ಈ ಪಥ್ಯದ ಅಡುಗೆ ಯಾಕೆ ಎಂದು ಕೇಳಿದೆ. ಸಾವಿತ್ರಿ ಬೊಗ್ಗನ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡಿದಳು.

“ಗುಣವಾಯ್ತು ಅಂತ ನಿಲ್ಲಿಸಿದರೆ ಮತ್ತೆ ಹಳೇ ಚಾಳಿಗೆ ಬೀಳುತ್ತೆ. ಬಸ್‌ಸ್ಟಾಂಡಿಗೆ ಹೋಗಿ ವಡೆ ತಿನ್ನುತ್ತೆ” ಅಂದಳು.

ನಾನು ತಟ್ಟೆಯನ್ನು ಮುಂದಕ್ಕೆ ಸರಿಸಿದೆ. ಬಾಲವೊಂದು ಇದ್ದಿದ್ದರೆ ಅದನ್ನೂ ಅಲ್ಲಾಡಿಸುತ್ತಿದ್ದೆನೋ ಏನೋ.