ನಾಲ್ಕು ಸಲ ಫೇಮಸ್ ಆದವನು

ಯೋಕೋಹಾಮಾದ ನಮ್ಮ ಮೇಲಿನ ಮನೆಯಲ್ಲಿದ್ದ ಅಮೆರಿಕನ್ ಹಾಡುಗಾರ ಒಂದೇ ಜನ್ಮದಲ್ಲಿ ನಾಲ್ಕು ಸಲ ಫೇಮಸ್ ಆಗಿ, ಐದು ಸಲ ಮರೆತುಹೋದವನು. ಲೆಕ್ಕ ತಪ್ಪಿಲ್ಲ! ಐದನೆಯ ಸಲ ಫೇಮಸ್ ಆಗುವ ಮೊದಲೇ ಜನ ಮರೆತುಬಿಟ್ಟರಂತೆ. ಹಾಗಂತ ಹೆಮ್ಮೆಯಿಂದ ಅವನೇ ಹೇಳಿಕೊಳ್ಳುತ್ತಿದ್ದ.

ಇಲ್ಲಿ ಹೊಸದಾಗಿ ಬಂದವರು ಅಕ್ಕಪಕ್ಕದವರಿಗೆ ಟವೆಲ್ ಕೊಟ್ಟು ಪರಿಚಯ ಹೇಳಿಕೊಳ್ಳುವುದು ಪದ್ಧತಿ. ಈ ಪುಣ್ಯಾತ್ಮ ತನ್ನದೇ ಸಿ.ಡಿ. ಹಿಡಿದು ಬಂದ. ಕವರಿನ ಮೇಲೆ ತಲೆತುಂಬ ಕೂದಲು. ಎದುರಿಗೆ ನುಣ್ಣನೆ ಬೋಳು!

"ಇದು ನಿಮ್ಮ ಮಗನೇ?" ಎಂದೆ.

"ನೋ ಆಂಟಿ, ದಟ್ಸ್ ಮಿ. ಬಿಫೋರ್ ಹಿಪ್-ಹಾಪ್!"

ಅವನು ಹಾಡದೆ ಬಿಟ್ಟದ್ದಾದರೂ ಏನು? ಭಾನುವಾರ ಮದುವೆ ಹಾಲ್‌ನಲ್ಲಿ ಚರ್ಚಿನ ಗಾಯಕರಂತೆ ಬಿಳಿ ಗೌನ್ ತೊಟ್ಟು ಸೋಲ್ ಸಂಗೀತ. ಸೋಮವಾರ ಕ್ಲಬ್ಬಿನಲ್ಲಿ ಟೋಪಿ ತಿರುಗಿಸಿ ರ‍್ಯಾಪ್. ಸೂಪರ್‌ಮಾರ್ಕೆಟ್ಟಿನ ಮೀನಿನ ಜಾಹೀರಾತಿಗೂ ಅವನದೇ ಕಂಠ. ಪಕ್ಕಾ ವೆಜಿಟೇರಿಯನ್ ಆದ ನಾನು ಆ ಹಾಡನ್ನೇ ಗುನುಗುತ್ತ ಬದನೆಕಾಯಿ ಆರಿಸುತ್ತಿದ್ದೆ! ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಕ್ವಯರ್‌ನಿಂದ ಕಿವಿ ಹಿಡಿದು ಹೊರಗೆ ಹಾಕುತ್ತಿದ್ದರು.

2011ರ ದೊಡ್ಡ ಭೂಕಂಪ, ಸುನಾಮಿಯಾದ ಮೇಲೆ ಎಲ್ಲ ನಿಂತಿತು. ದೇಶ ಶೋಕದಲ್ಲಿರುವಾಗ ಹಾಡು-ಕುಣಿತ ಬೇಡವೆಂದು ಕ್ಲಬ್ಬುಗಳು ಬಾಗಿಲು ಹಾಕಿದವು. ಬೇಸಿಗೆಯಲ್ಲಿ ನಾವು ಇಂಡಿಯನ್ ಹೆಂಗಸರು, ಉತ್ತರ ಕರಾವಳಿಯಲ್ಲಿ ಮನೆ ಕಳೆದುಕೊಂಡವರ ತಾತ್ಕಾಲಿಕ ವಸತಿಗೆ ಅಡುಗೆ ಮಾಡಿ ಬಡಿಸಲು ಹೊರಟಾಗ ಅವರಿಗಾಗಿ ಹಾಡುತ್ತೇನೆಂದು ಅವನೂ ಮೈಕು, ಸ್ಪೀಕರು ಹಿಡಿದು ವ್ಯಾನ್ ಹತ್ತಿದ.

"ಆಂಟಿ, ಇದೂ ಫ್ಲಾಪ್ ಆದರೆ ಹಾಡೋದೇ ಬಿಟ್ಟೆ. ಐ ಮೀನ್ ಇಟ್." ಮುಖದಲ್ಲಿ ತಮಾಷೆಯಿರಲಿಲ್ಲ.

ಅಲ್ಲಿಯ ಪುಟ್ಟ ಹಾಲ್‌ನಲ್ಲಿ ಸೋಲ್ ಹಾಡಿದ, ರ‍್ಯಾಪ್ ಮಾಡಿದ, ಕುಣಿದೂ ಕುಣಿದ. ಮುದುಕ ಮುದುಕಿಯರು ತೊಡೆಯ ಮೇಲೆ ಕೈಯಿಟ್ಟು, ಕಣ್ಣು ತಗ್ಗಿಸಿ ಕೂತೇ ಇದ್ದರು. ಒಂದು ತಾಳವಿಲ್ಲ, ಒಂದು ತಲೆಯೂ ತೂಗಲಿಲ್ಲ! ನಾಲ್ಕನೆಯ ಹಾಡಿಗೆ ಅವನ ದನಿ ಇಳಿಯಿತು. ಅರ್ಧಕ್ಕೇ ನಿಲ್ಲಿಸಿ ಮೈಕಿನ ವೈರ್ ಸುತ್ತತೊಡಗಿದ.

"ದೇ ಹೇಟ್ ಮಿ, ಆಂಟಿ."

"ಸಿಲ್ಲಿ ಬಾಯ್! ಇಲ್ಲಿಯವರು ಗೌರವದಿಂದ ಕೇಳೋದೇ ಹೀಗೆ. ನಲವತ್ತು ವರ್ಷದಿಂದ ನೋಡ್ತಿದೀನಿ," ಎಂದು ಗದರಿಸಿದೆ. ಅವನು ನಂಬಲಿಲ್ಲ.

ಆಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಬಂದು, "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬಗ್ಗಿ, ನನ್ನ ಕಿವಿಯಲ್ಲಿ ಜಪಾನಿಯಲ್ಲಿ ಕೇಳಿದರು: "ಇನ್ನೂ ಜೋರಾಗಿ ಹಾಡೋಕೆ ಹೇಳ್ತೀರಾ? ನಮ್ಮ ಮನೆಗಳ ಗೋಡೆ ಬಹಳ ತೆಳು. ಪಕ್ಕದವರಿಗೆ ಕೇಳಿಸುತ್ತೆ ಅಂತ ನಾವು ಯಾರೂ ಇನ್ನೂ ಸರಿಯಾಗಿ ಅತ್ತಿಲ್ಲ."

ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಸುತ್ತಿದ್ದ ವೈರ್ ಬಿಚ್ಚಿ, ಸ್ಪೀಕರಿನ ವಾಲ್ಯೂಮ್ ಪೂರ್ತಿ ತಿರುಗಿಸಿದ.

ಆ ಮಧ್ಯಾಹ್ನ ಎರಡು ಗಂಟೆ ಹಾಡಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರು ಅತ್ತದ್ದೂ ಯಾರಿಗೂ ಕೇಳಿಸಲಿಲ್ಲ, ನಾನು ಅತ್ತದ್ದೂ.